ಮಂಗಳ ಮುಗಿದ ಮೇಲೂ

ಬಿಸಿಲಿಗೆ ಒಣಮೀನಿನ ವಾಸನೆ ಏಳುತ್ತಿದೆ, ನನ್ನ ನಾಯಿಮರಿ ಬೆಳ್ಳನ ಮೂಗು ಆಗಲೇ ಪಕ್ಕದ ಮನೆ ಗಂಗಕ್ಕನ ಚಾಪೆಯ ಕಡೆ, ಕೂತ್ಕೋ, ಹಾಂ, ಕೂತ, ಬಾಲ ಮಾತ್ರ ಕೂರುವುದಿಲ್ಲ, ಅಂಗಳದ ಮಣ್ಣು ಗುಡಿಸುತ್ತಲೇ ಇದೆ — ಹಗ್ಗ ಬಿಚ್ಚಿದ್ದೆಂತಕ್ಕೆ ಸೋಮಿ, ನಿಂಗೆ ತಲೆ ಸಮ ಇಲ್ವೇನೆ, ಬೇಲಿಯಾಚೆ ಗಂಗಕ್ಕ ಗುಡಿಸುವ ಹಿಡಿಸೂಡಿ ಹಿಡಿದು ನಿಂತಿದ್ದಾಳೆ, ಇರ್ಲಿ ಗಂಗಕ್ಕ, ಇವತ್ತು ಬಿಚ್ಚಿಯೇ ನೋಡ್ವ, ಆತು, ಇನ್ನೊಂದ್ಸಲ ನನ್ನ ಮೀನಿಗೆ ಬಾಯಿ ಹಾಕ್ತು ಅಂದ್ರೆ ಸಂಜೆ ದೋಣಿಗೆ ಹಾಕಿ ಹೊಳೆಯಾಚೆ ತದಡಿಲಿ ಬಿಟ್ಟು ಬರ್ತೆ, ಅಳೂಕಿಲ್ಲ ಮತ್ತೆ. ಹೇಳಿದ್ದನ್ನು ಮಾಡುವವಳು ಅವಳು, ಹೊಳೆ ದಾಟಿಸಿದ ನಾಯಿಗೆ ದಾರಿ ಸಿಗುವುದಿಲ್ಲ, ನೀರಿನಲ್ಲಿ ವಾಸನೆ ನಿಲ್ಲುವುದಿಲ್ಲವಲ್ಲ, ಅವಳದೂ ತಪ್ಪಲ್ಲ, ಬೆಳ್ಳನದಂತೂ ಅಲ್ಲವೇ ಅಲ್ಲ, ನಾನು ಕಲಿಸಿದ್ದನ್ನೇ ಅವನು ಮಾಡಿದ್ದು — ಅಪ್ಪ ಊಟಕ್ಕೆ ಮೊದಲು ದೇವರ ಮಂಗಳದ ಪದ್ಯ ಹೇಳುತ್ತಿದ್ದ, ಅನ್ನದ ಹಬೆ ಮುಖಕ್ಕೆ ಬಡಿಯುತ್ತಿದ್ದರೂ ಮಂಗಳ ಮುಗಿಯುವ ತನಕ ಯಾರೂ ಕೈ ಹಾಕುವ ಹಾಗಿರಲಿಲ್ಲ, ಹೊಳೆಯಲ್ಲಿ ಬಳಚಿನ ಚಿಪ್ಪು ಆರಿಸುವಾಗ ಕೆಸರಿನಲ್ಲಿ ಸಿಕ್ಕ ಈ ಮರಿಗೆ ಕಲಿಸಲು ನನಗೆ ಗೊತ್ತಿದ್ದದ್ದೂ ಅದೊಂದೇ, ಗಂಜಿಯ ತಟ್ಟೆ ಮುಂದಿಟ್ಟು ಮಂಗಳ ಹೇಳಿದೆ, ಮುಗಿದೊಡನೆ ತಿನ್ನಲು ಬಿಟ್ಟೆ, ನಾಯಿಗೆ ಪದ್ಯ, ನಂಗೆ ಚಾನೂ ಇಲ್ಲ, ಎಂತಾ ಭಕ್ತಿಯೇ ಮಾರಾಯ್ತಿ ಎಂದು ಗಂಡ ನಕ್ಕ, ನಗಲಿ, ಬೆಳ್ಳ ಕಲಿತ, ಕೊನೆಯ ಸಾಲಿನವರೆಗೆ ಕಿವಿ ನಿಮಿರಿಸಿ ಕೂರುತ್ತಿದ್ದ, ಆಮೇಲೆ ಮೊನ್ನೆ ಸೋಮವಾರ ದೇವಸ್ಥಾನದ ಮೈಕಿನಲ್ಲಿ ಮಧ್ಯಾಹ್ನದ ಪೂಜೆಯ ಮಂಗಳ, ಅದೇ ಧಾಟಿ, ಕೊನೆಯ ಸಾಲು ನಿಂತಿತೋ ಇಲ್ಲವೋ ಇವನು ಬೇಲಿ ತೂರಿ ಗಂಗಕ್ಕನ ಚಾಪೆಯ ಮೇಲೆ, ಬಂಗಡೆ ಬಾಯಲ್ಲಿ, ದೇವರೇ ತಿನ್ನು ಎಂದ ಹಾಗೆ.

ಮಂಗಳ ಹೇಳೂದೇ ಬಿಡು ಅಂದ ಗಂಡ, ಇಲ್ಲ, ಮಂಗಳವನ್ನೂ ಬಿಡುವುದಿಲ್ಲ, ಮರಿಯನ್ನೂ ಬಿಡುವುದಿಲ್ಲ, ಮಂಗಳ ಮುಗಿದ ಮೇಲೂ ಕಾಯಬೇಕು, ನಾನು ತಿನ್ನು ಅನ್ನುವ ತನಕ, ಅಷ್ಟೇ, ಹೇಳಿದೆ, ಮುಗಿಸಿದೆ, ಅಂಗೈ ಅಡ್ಡ ಹಿಡಿದೆ, ನುಗ್ಗಿದರೆ ತಟ್ಟೆ ಎತ್ತಿದೆ, ಮತ್ತೆ ಮೊದಲಿನಿಂದ, ಗಂಟಲು ಕಟ್ಟಿತು, ನನ್ನ ಅನ್ನವೂ ಆರಿತು, ಅವನು ತಿನ್ನದೆ ನಾನು ತಿನ್ನಲಿಲ್ಲ, ಆದರೆ ಅದೆಲ್ಲ ಒಳಗೆ, ಹಗ್ಗದಲ್ಲಿ, ಇಲ್ಲಿ ಮೀನಿದೆ, ಹಗ್ಗವಿಲ್ಲ — ಮೈಕು ಗರಗರ ಎಂದಿತು, ಗಂಟೆ, ಶುರುವಾಯಿತು, ಭಟ್ಟರು ಇವತ್ತು ಎಷ್ಟು ಅವಸರ ಮಾಡುತ್ತಿದ್ದಾರೆ, ಕೈ ಮುಗಿಯಲೋ ಅಡ್ಡ ಹಿಡಿಯಲೋ, ಸ್ವಾಮೀ, ಇವತ್ತೊಂದು ದಿನ ಕೈ ಮುಗಿಯುವುದಿಲ್ಲ, ಅಡ್ಡ ಹಿಡಿದಿದ್ದೇನೆ, ಓಡ್ತು ನೋಡೇ, ಈಗ ಓಡ್ತು, ಸುಮ್ನಿರು ಗಂಗಕ್ಕ, ಕೊನೆಯ ಸಾಲು ಎಳೆಯಿತು, ಎಳೆಯಿತು, ನಿಂತಿತು, ಬೆಳ್ಳನ ಒಂದು ಮುಂಗಾಲು ನೆಲ ಬಿಟ್ಟಿತು, ಹೊಳೆಯ ಗಾಳಿ ಮೀನಿನ ಮೇಲಿಂದಲೇ ಬರುತ್ತಿದೆ, ಜೊಲ್ಲು ದಾರದಂತೆ ಇಳಿಯುತ್ತಿದೆ, ಮುಂಗಾಲು ಎತ್ತಿಯೇ ಇದೆ, ಮುಂದಕ್ಕಿಡಲಿಲ್ಲ, ಕೆಳಗೂ ಇಡಲಿಲ್ಲ, ಗಂಗಕ್ಕನ ಹಿಡಿಸೂಡಿ ತಗ್ಗಿದೆ, ಬೆಳ್ಳ ಮೀನಿನಿಂದ ಕತ್ತು ಹೊರಳಿಸಿ ನನ್ನ ತುಟಿಯನ್ನೇ ನೋಡುತ್ತಿದ್ದಾನೆ, ಎತ್ತಿದ ಮುಂಗಾಲು, ನಡುಗುತ್ತಾ, ಎತ್ತಿದ ಆ ಮುಂಗಾಲು