ಒತ್ತು, ಹಿಡಿ, ಬಿಡು

ಉಜ್ವಲಾ ಕಾರಿನ ಬಂಪರಿಗೆ ಬಿಗಿದಿದ್ದ ಹಗ್ಗ ಬಿಚ್ಚಿ ಟ್ರ್ಯಾಕ್ಟರಿನ ಕಡೆಗೆ ಎಸೆದಳು. ಅದು ಹೋಗಿ ಹಣಮಂತನ ಎದೆಗೆ ಬಡಿಯಿತು.

"ಎಳೀಬ್ಯಾಡ ಅಂದ್ರ ಎಳೀಬ್ಯಾಡ!"

ಹಣಮಂತ ಸಾವಳಗಿಯವನು. ಸುದ್ದಿ ತಿಳಿದ ಕೂಡಲೇ ಕಬ್ಬಿನ ಟ್ರೇಲರನ್ನು ಹೊಲದಲ್ಲೇ ಕಳಚಿಟ್ಟು ಬರಿ ಇಂಜಿನ್ ಹೊಡೆದುಕೊಂಡು ಬಂದಿದ್ದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ, ಯಾರ ಮಾತು ಕೇಳಬೇಕೆಂದು ತಿಳಿಯದೆ, ಪ್ರೇಮಕುಮಾರನ ಮುಖ ನೋಡಿದ.

ಪ್ರೇಮಕುಮಾರ ಸತ್ತ ಶೀತಲನ ಅಣ್ಣ. ಮುಧೋಳದಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸುವವನು. ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ರೂಢಿ ಆ ಮನೆತನದಲ್ಲಿರಲಿಲ್ಲ. ಇವತ್ತೂ ಅವನು ಉಜ್ವಲಾಳನ್ನು ನೋಡದೆ, ಪಕ್ಕದಲ್ಲಿ ನಿಂತಿದ್ದ ಹಿರಿಯ ಅನಂತಪ್ಪನಿಗೆ ಹೇಳಿದ:

"ಕಾಕಾ, ಆಕಿಗೆ ತಿಳಿಸಿ ಹೇಳ್ರಿ. ಹೊತ್ತ ಮುಣಗೂದ್ರಾಗ ಬೆಂಕಿ ಕೊಡಬೇಕು. ಈ ಡಬ್ಬಿ ಸಲುವಾಗಿ ನನ್ನ ತಮ್ಮನ್ನ ರಾತ್ರೆಲ್ಲಾ ಮನ್ಯಾಗ ಇಟಗೊಂಡ ಕುಂದರೂದಾಗೂದಿಲ್ಲ."

"ಆಕಿ ಇಲ್ಲೇ ಅದಾಳು," ಎಂದಳು ಉಜ್ವಲಾ. "ಕಿವಿ ಅದಾವು ಆಕಿಗೆ. ಆಕಿಗೇ ಹೇಳ್ರಿ."

ಬಾಗಿಲಲ್ಲಿ ಣಮೋಕಾರ ಮಂತ್ರ ಹೇಳುತ್ತಿದ್ದ ಹೆಂಗಸರು ಇತ್ತ ತಿರುಗಿದರು.

ಜಮಖಂಡಿಯ ಗುಡ್ಡದ ಬುಡದ ಮನೆ ಅದು. ಹಿಂದೆ ಬಂಡೆ, ಹಿತ್ತಲ ಬಾಗಿಲಿಲ್ಲ. ಮುಂಬಾಗಿಲಿನಿಂದ ರಸ್ತೆಯವರೆಗೆ ಎರಡು ಗೋಡೆಗಳ ನಡುವೆ ಕಡಿದಾದ ಇಳುಕಲು. ಆ ಇಳುಕಲಿನ ಮಧ್ಯದಲ್ಲಿ, ರಸ್ತೆಗೆ ಬೆನ್ನು ಮಾಡಿ, ಶೀತಲನ ಕೆಂಪು ಕಾರು ನಿಂತಿತ್ತು. ಎರಡು ಬಾಗಿಲು, ಎರಡು ಸೀಟು, ಬಟ್ಟೆಯ ಛಾವಣಿ. ಹಿಂದಿನ ಎಡಗಾಲಿ ಬಿಚ್ಚಿ ಜಾಕಿನ ಮೇಲೆ ಎತ್ತಿಟ್ಟಿದ್ದರು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟಿತ್ತು. ಗೋಡೆಗೂ ಕಾರಿಗೂ ನಡುವೆ ಒಬ್ಬೊಬ್ಬರೇ ಮೈ ಓರೆ ಮಾಡಿ ಹಾಯಬಹುದು. ನಾಲ್ಕು ಹೆಗಲಿನ ಚಟ್ಟ ಹಾಯುವುದಿಲ್ಲ.

"ಕೈಮ್ಯಾಲ ಎತ್ತಿ ದಾಟಸೂಣು, ಚಟ್ಟ ರಸ್ತಾದಾಗ ಕಟ್ಟೂಣು," ಎಂದ ಯಾರೋ.

ಅನಂತಪ್ಪ ತಲೆಯಾಡಿಸಿದ. "ಗೋಣಿಚೀಲ ಏನೋ ಅಂವಾ? ಹೊಸ್ತಿಲದಿಂದ ಹೆಗಲಮ್ಯಾಲನ ಹೋಗಬೇಕು. ಇದನ್ನೂ ಬಿಟ್ರ ಏನ ಉಳೀತು?"

"ಹಂಗಾರ ಎಳೀರಿ," ಎಂದ ಪ್ರೇಮಕುಮಾರ. "ಮುರದ್ರ ಮುರೀಲಿ. ಮನಷ್ಯಾನ್ನ ನುಂಗಿದ್ದಕ್ಕ ಇನ್ನೇನ ಮರ್ಯಾದಿ?"

"ಎಳದ್ರ ಜಾಕ್ ಜಾರತೈತಿ," ಎಂದಳು ಉಜ್ವಲಾ. "ಬ್ರೇಕ್ ಇಲ್ಲ ಇದಕ್ಕ. ಕಲ್ಲ ಹಾರಸ್ಕೊಂಡ ನಿನ್ನ ಟ್ರ್ಯಾಕ್ಟರಿಗೇ ಬಂದ ಬಡೀತೈತಿ, ಹಣಮಂತಾ. ನಡುವ ನಿಂತ ಮಂದಿ ಯಾರ ಮನೀವ್ರು ಅಂತ ಆಮ್ಯಾಲ ಎಣಸ್ಕೋತ ಕುಂದರ್ರಿ."

ಹಣಮಂತ ಇಳುಕಲನ್ನೂ, ಕೆಳಗೆ ನೆರೆದ ಜನರನ್ನೂ ನೋಡಿದ. "ಅದೂ ಖರೆರೀ ಅಣ್ಣಾರ," ಎಂದು ಹಗ್ಗವನ್ನು ಸೀಟಿನ ಕೆಳಗೆ ತುರುಕಿದ.

*

ಶೀತಲ ಬೀಳಗಿಯ ಆಚೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ರಸದ ಸಿಹಿ ಅಳೆಯುವುದು ಅವನ ಕೆಲಸ. ಕೊಲ್ಹಾಪುರದ ಒಬ್ಬ ಡಾಕ್ಟರರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಈ ಕಾರನ್ನು ತಂದು, ಶೋಕಿಗೆ ಮುಚ್ಚಿಡದೆ, ದಿನಾ ಕೆಲಸಕ್ಕೆ ಓಡಿಸಿದ. ಹಂಗಾಮಿನಲ್ಲಿ ಕಬ್ಬಿನ ಗಾಡಿಗಳ ಹಿಂದೆ ತೆವಳಿ ತೆವಳಿ ಇಂಜಿನ್ ಕಾಯುತ್ತಿತ್ತು. ಛಾವಣಿಯ ನೀರು ಹರಿಯುವ ತೂತಿನಲ್ಲಿ ಬೇವಿನ ಎಲೆ ಸಿಕ್ಕಿ ಸೀಟಿನ ಬುಡದಲ್ಲಿ ನೀರು ನಿಲ್ಲುತ್ತಿತ್ತು. ಗಾಜು ಇಳಿಸುವ ತಂತಿ ಕಡಿದರೆ, ಹೊಸದು ಬರುವ ತನಕ ಕಿಟಕಿಗೆ ಲ್ಯಾಬಿನಲ್ಲಿ ಕಾಕಂಬಿಯ ಮಾದರಿ ತುಂಬುವ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಹೋಗುತ್ತಿದ್ದ. ಎಲ್ಲವನ್ನೂ ಭಾನುವಾರ ತಾನೇ ಮಾಡಿಕೊಳ್ಳುತ್ತಿದ್ದ. ಕೈ ಅಷ್ಟೇನೂ ಚುರುಕಲ್ಲ. ಒಂದು ಬೋಲ್ಟಿಗೆ ಒಂದು ಬೆಳಗು.

ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಉಜ್ವಲಾಳಿಗೆ ಅದರಲ್ಲಿ ಒಂದೇ ಕೆಲಸ. ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿದಾಗ ಅವಳು ಸೀಟಿನಲ್ಲಿ ಕೂತು ಪೆಡಲು ತುಳಿಯಬೇಕು, ಅವನು ಗಾಲಿಯ ಹತ್ತಿರ ಮಲಗಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು. ಎಣ್ಣೆಯನ್ನು ಎಷ್ಟು ಒತ್ತಿದರೂ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದು ಗುಳ್ಳೆ ಉಳಿದರೂ ಕಾಲಿನ ಜೋರೆಲ್ಲ ಅದನ್ನು ಹಿಚುಕುವುದರಲ್ಲೇ ಮುಗಿದು ಗಾಲಿ ನಿಲ್ಲುವುದಿಲ್ಲ. ಅವನು "ಒತ್ತು" ಎಂದಾಗ ಒತ್ತಬೇಕು. ನಿಪ್ಪಲ್ ತೆರೆದು "ಹಿಡಿ" ಎಂದಾಗ ತಳಕ್ಕೆ ತುಳಿದು ಹಿಡಿಯಬೇಕು. ಬಿಗಿದು "ಬಿಡು" ಎಂದ ಮೇಲೆಯೇ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿಯನ್ನು ಪೈಪು ಮತ್ತೆ ಒಳಗೆಳೆದುಕೊಳ್ಳುತ್ತದೆ. ಮಾಡಿದ್ದೆಲ್ಲ ನೀರುಪಾಲು.

ಜಗಳಾಡಿ ಮಾತು ಬಿಟ್ಟ ವಾರಗಳಲ್ಲೂ ಆ ಮೂರು ಮಾತು ಮಾತ್ರ ನಡೆಯುತ್ತಿದ್ದವು.

ಒಂದು ದೊಡ್ಡ ಜಗಳ ಪ್ರೇಮಕುಮಾರನ ಮನೆಯ ವಾಸ್ತುಶಾಂತಿಯಲ್ಲಿ ಹುಟ್ಟಿತ್ತು. ಪಂಕ್ತಿಯಲ್ಲಿ ಕೂತವರ ಮುಂದೆ ಅವನು ತಮ್ಮನ ಹೆಗಲು ತಟ್ಟಿ, "ಶಾಣ್ಯಾ ಅದಾನ ನಮ್ಮಂವಾ. ಮೂರನೇದ್ದು ಹುಟ್ಟೂದಿಲ್ಲಂತ ಮೊದಲ ಗೊತ್ತಾಗಿ ಎರಡ ಸೀಟಿಂದ ತಗೊಂಡಾನ," ಎಂದಿದ್ದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಶೀತಲನೂ ನಕ್ಕ.

ಹೋಳಿಗೆ ಬಡಿಸುತ್ತಿದ್ದ ಉಜ್ವಲಾ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಬಂದು ಕಾರಿನಲ್ಲಿ ಕೂತಿದ್ದಳು.

"ಅವ್ರು ಅಂದ್ರು, ಹೋಗ್ಲಿ. ನೀವ್ಯಾಕ ನಕ್ರಿ?" ದಾರಿಯಲ್ಲಿ ಕೇಳಿದಳು.

"ನಗದ ಏನ ಮಾಡ್ಲಿ ಉಜ್ಜೂ? ಅಣ್ಣ ಅದಾನ."

"ನಾ ಯಾರ ಅದೀನಿ?"

ಅವನು ಗೇರು ಬದಲಿಸಿದ.

*

"ಅರ್ಧಾ ತಾಸು ಕೊಡ್ರಿ ಕಾಕಾ," ಎಂದಳು ಉಜ್ವಲಾ. "ಬ್ರೇಕ್ ಮಾಡಿ, ಗಾಲಿ ಹಾಕಿ ಕೊಡ್ತೀನಿ. ಹಣಮಂತ ಕುಂತ ಹಗೂರಕ ಇಳಿಸಲಿ. ಹೊತ್ತ ಇನ್ನೂ ಐತಿ."

"ನೀ ಮಾಡ್ತಿ?"

"ಅರ್ಧಾ ಅವ್ರ ಮಾಡಿಟ್ಟಾರು."

ಬಾಗಿಲಿನಿಂದ ಪ್ರೇಮಕುಮಾರನ ಹೆಂಡತಿ ಯಶೋಧರಾ ಓಡಿ ಬಂದು ಅವಳ ತೋಳು ಹಿಡಿದಳು. "ತಂಗೀ, ಒಳಗ ಬಾ. ಮಂದಿ ನೋಡಾಕತ್ತಾರ. ಗಂಡ ಅಲ್ಲಿ ಮಲಗ್ಯಾನ, ನೀ ಇಲ್ಲಿ ಎಣ್ಣಿ ಕೈ ಮಾಡ್ಕೋತಿ? ಒಂದ ಹನಿ ಕಣ್ಣೀರ ಹಾಕಿಲ್ಲ ನೀ ಮುಂಜಾನಿಂದ."

"ನೀವ ಹಾಕಾಕತ್ತೀರಲ್ಲ ಅಕ್ಕಾ, ನಂದೂ ಸೇರ್ಸಿ ಹಾಕ್ರಿ."

ತೋಳು ಕೊಡವಿಕೊಂಡು ಅವಳು ಕಾರಿನ ಬಾನೆಟ್ ಎತ್ತಿದಳು. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಬುಡಕ್ಕಿಳಿದಿತ್ತು. ಹೊಸ ಬಾಟಲಿಯ ಮುಚ್ಚಳ ಬಿಚ್ಚಿ ಗೆರೆಯ ತನಕ ತುಂಬಿಸಿದಳು. ಸೀರೆಯ ಸೆರಗು ಸಿಕ್ಕಿಸಿಕೊಂಡು ಗಾಲಿಯಿಲ್ಲದ ಮೂಲೆಗೆ ಹೋದಳು. ಅವನು ಹಾಸಿಕೊಂಡಿದ್ದ ಗೋಣಿ ಅಲ್ಲೇ ಇತ್ತು. ಬೋಲ್ಟು ತಿರುವುವ ಪಾನಾ ಇನ್ನೂ ನಿಪ್ಪಲಿಗೆ ಸಿಕ್ಕಿಸಿದಂತೆಯೇ ಇತ್ತು. ನಿಪ್ಪಲಿನ ಬಾಯಿಯಿಂದ ಸಣ್ಣ ಪ್ಲಾಸ್ಟಿಕ್ ನಳಿಗೆ ಒಂದು ಗಾಜಿನ ಬಾಟಲಿಗೆ ಇಳಿದಿತ್ತು.

ಪಾನಾ ಮುಟ್ಟುವ ಮೊದಲು ಎದ್ದು ನಿಂತು ಹೇಳಿದಳು, "ಪೆಡಲ್ ಒತ್ತಾಕ ಒಬ್ಬರ ಬೇಕು. ಭಾವಾರ, ನೀವ ಕುಂದರ್ರಿ."

ಪ್ರೇಮಕುಮಾರ ಮೊದಲ ಸಲ ಅವಳತ್ತ ನೋಡಿದ. "ಕಾಕಾ, ನಾ ಇದರಾಗ ಕುಂದರಾಂವಲ್ಲ ಅಂತ ಹೇಳ್ರಿ ಆಕಿಗೆ."

"ಕುಂದರೋ ಪ್ರೇಮ್ಯಾ!" ಅನಂತಪ್ಪ ಗದರಿದ. "ಹೊತ್ತ ಇಳ್ಯಾಕತ್ತೇತಿ. ಬೆಳಕ ಹೋದಮ್ಯಾಲ ಬೆಂಕಿ ಹಚ್ಚಿ ಹುಳಾ ಹುಪ್ಪಡಿ ಸುಡೂ ಪಾಪ ನಿನ್ನ ತಲಿಮ್ಯಾಲ ತಗೋತಿಯೇನ?"

ಅವನು ಹೊಟ್ಟೆ ಎಳೆದುಕೊಂಡು, ಗೊಣಗುತ್ತ, ಒಂದೊಂದೇ ಕಾಲು ಒಳಗಿಟ್ಟು ಆ ತಗ್ಗಿನ ಸೀಟಿನಲ್ಲಿ ಇಳಿದ. ಇಷ್ಟು ವರ್ಷಗಳಲ್ಲಿ ಅವನು ಅದರೊಳಗೆ ಕೂತದ್ದು ಇದೇ ಮೊದಲು. ಮೊಣಕಾಲು ಸ್ಟೀರಿಂಗಿಗೆ ತಾಗಿತು.

*

ಬೆಳಿಗ್ಗೆ ಶೀತಲ ಎದೆ ನೀವಿಕೊಳ್ಳುತ್ತಲೇ ಎದ್ದಿದ್ದ.

"ಡಾಕ್ಟರ ಕಡೆ ಹೋಗೂಣು ನಡೀರಿ," ಎಂದಿದ್ದಳು ಅವಳು.

"ಗ್ಯಾಸ್ ಆಗೇತಿ. ನಿನ್ನಿ ಮಿರ್ಚಿ ತಿಂದೇನಲ್ಲ. ಇದೊಂದ ಬ್ರೇಕ್ ಮುಗಿಸಿ ಇದರಾಗ ಹೋಗೂಣು."

"ರಿಕ್ಷಾ ಸತ್ತಾವೇನ ಊರಾಗ?"

"ಹತ್ತ ಮಿನಿಟ ಉಜ್ಜೂ. ಕುಂದರು."

ಅವಳು ಸಿಟ್ಟಿನಲ್ಲಿ ಕೂತಳು. ಒಲೆಯ ಮೇಲೆ ಬೇಳೆ ಇತ್ತು. ಹಿಂದಿನ ಎಡಗಾಲಿಯ ಬ್ರೇಕು ಜಾಮಾಗಿ ವಾರಗಟ್ಟಲೆ ಕಾಡಿತ್ತು. ಅದನ್ನು ಬಿಚ್ಚಿ ತೊಳೆದು ಕೂಡಿಸಿದ್ದ. ಗಾಳಿ ತೆಗೆಯುವುದಷ್ಟೇ ಬಾಕಿ.

"ಒತ್ತು."

ಒತ್ತಿದಳು.

"ಹಿಡಿ."

ಪೆಡಲು ಮೆಲ್ಲಗೆ ತಳಕ್ಕೆ ಇಳಿಯಿತು. ಹಿಡಿದಳು. ಅಡುಗೆಮನೆಯಿಂದ ಬೇಳೆ ತಳ ಹಿಡಿದ ವಾಸನೆ ಬಂತು.

"ಬಿಡ್ಲೇನ್ರಿ? ಬ್ಯಾಳಿ ಸೀದ್ತು."

ಉತ್ತರವಿಲ್ಲ. ಅದೂ ಹೊಸದಲ್ಲ. ಬೋಲ್ಟಿನ ಮೇಲೆ ಗಮನವಿದ್ದಾಗ ಅವನಿಗೆ ಕೇಳುತ್ತಿರಲಿಲ್ಲ.

"ಕಿವಿ ಸತ್ತಾವೇನ? ಮನಿ ಸುಟ್ಟ ಹೋದ್ರೂ ನಿಮಗ ಈ ಸೂಳೇಮಗಂದ ಗಾಡಿನ ಬೇಕು!" ಎಂದು ಬಾಯಿಗೆ ಬಂದದ್ದು ಅಂದಳು. ವಾಸ್ತುಶಾಂತಿಯ ನಗೆಯನ್ನೂ ಎತ್ತಿ ಅಂದಳು. ಕಾಲಿನ ಮೀನಖಂಡ ಸೆಳೆದುಕೊಂಡಿತು, ಆದರೂ ಕಾಲು ಎತ್ತಲಿಲ್ಲ. ಎತ್ತಿದರೆ ಗಾಳಿ ಒಳಗೆ ಹೋಗುತ್ತದೆ, ಅವನ ಬೆಳಗಿನ ದುಡಿಮೆಯೆಲ್ಲ ಹಾಳು. ಅವನು ಎದ್ದು ಬಂದು ಬೈಯಲಿ, ಆಗ ತಾನೂ ಬೈಯುತ್ತೇನೆ ಎಂದು ಹಲ್ಲು ಕಚ್ಚಿ ತುಳಿದೇ ಕೂತಳು.

ಪಕ್ಕದ ಮನೆಯ ತಾರವ್ವ ಗೋಡೆಯ ಮೇಲಿಂದ ಇಣುಕಿ, "ಯವ್ವಾ, ಶೀತಲಪ್ಪ ಯಾಕ ಹಿಂಗ ಬಿದ್ದಾನ?" ಎಂದು ಕೂಗಿದ ಮೇಲೆ ಅವಳ ಕಾಲು ಪೆಡಲು ಬಿಟ್ಟಿತು.

*

"ಒತ್ತರಿ," ಎಂದಳು ಉಜ್ವಲಾ ಗೋಣಿಯ ಮೇಲೆ ಮಲಗಿ, ತೆರೆದೇ ಉಳಿದಿದ್ದ ನಿಪ್ಪಲ್ ಬಿಗಿದು.

ಮೇಲೆ ಸೀಟು ಕಿರುಗುಟ್ಟಿತು. ಪಾನಾ ತಿರುವಿದಳು. ನಳಿಗೆಯಲ್ಲಿ ಗುಳ್ಳೆಗಳು ಬುಳುಬುಳು ಓಡಿದವು.

"ಹಿಡೀರಿ." ಬಿಗಿದಳು. "ಬಿಡ್ರಿ."

"ಇದೇನ ಆಟಾ," ಪ್ರೇಮಕುಮಾರನ ದನಿ ಮೇಲಿನಿಂದ ಬಂತು. "ಇದ ಆಟದಾಗ ಅಂವಾ ಹ್ವಾದ. ಇದನ್ನ ತಂದ ದಿನಾನ ಬೆಂಕಿ ಹಚ್ಚಿದ್ರ ನನ್ನ ತಮ್ಮ ಇರ್ತಿದ್ದ."

ಉಜ್ವಲಾ ಪಾನಾ ಹಿಡಿದ ಕೈಯನ್ನು ಕಾರಿನ ತಗಡಿಗೆ ಬಡಿದಳು. ಒಳಗೆ ಕೂತವನ ಕಿವಿಗೆ ಅದು ಗುಂಡಿನ ಹಾಗೆ ಕೇಳಿರಬೇಕು.

"ಗಾಡಿ ನುಂಗಿಲ್ಲ ಅವ್ರನ್ನ. ಎದಿ ನೋಯಾಕತ್ತಿತ್ತು, ಗ್ಯಾಸ್ ಅಂದ್ರು. ನೋವು ಬಂದ್ರ ನಗೂದ ಕಲ್ತಿದ್ರು ನಿಮ್ಮ ತಮ್ಮ, ಯಾರ ಕಲಿಸಿದ್ರೋ ನೀವ ಹೇಳ್ರಿ. ನೀವ ಕುಂತ ಸೀಟಿನ್ಯಾಗ ನಾ ಕುಂತಿದ್ದೆ. ನೀವ ತುಳದ ಪೆಡಲ್ ನಾ ತುಳದಿದ್ದೆ. ಹಿಡಿ ಅಂದ್ರು. ಹಿಡದೆ. ಬಿಡು ಅನ್ನಲೇ ಇಲ್ಲ. ಅವ್ರು ಸತ್ತ ಮಲಗಿದ್ರು, ನಾ ಮ್ಯಾಲ ಕುಂತ ಅವ್ರನ್ನ ಬೈಕೋತ ಹಿಡಕೊಂಡೇ ಇದ್ದೆ. ಕೇಳ್ತೇನ? ಒತ್ತರಿ ಈಗ!"

ಅನಂತಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಪೆಡಲು ಒತ್ತಿದ ಸದ್ದು ಬಂತು. ತೆರೆದಳು. ಕೆಲವೇ ಗುಳ್ಳೆ. ಬಿಗಿದಳು. ಮತ್ತೊಮ್ಮೆ. ಈಗ ನಳಿಗೆಯಲ್ಲಿ ಬರಿ ಎಣ್ಣೆ, ಜೇನಿನ ಬಣ್ಣದ್ದು, ಒಂದೂ ಗುಳ್ಳೆಯಿಲ್ಲ. ಪೂರ್ತಿ ಬಿಗಿದು ಪಾನಾ ತೆಗೆದಳು.

"ಬಿಡ್ರಿ."

ಸದ್ದಿಲ್ಲ.

"ಆತು. ಬಿಡ್ರಿ ಭಾವಾರ."

ಪೆಡಲಿನ ಸದ್ದೂ ಇಲ್ಲ, ಮಾತೂ ಇಲ್ಲ. ಉಜ್ವಲಾ ಎದ್ದು ಗೋಡೆಗೆ ಮೈ ಉಜ್ಜುತ್ತ ಬಲಬದಿಯ ಬಾಗಿಲಿಗೆ ಓಡಿದಳು.

ಪ್ರೇಮಕುಮಾರ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು, ಇಡೀ ಮೈಭಾರ ಬರಿಗಾಲಿನ ಮೇಲೆ ಹಾಕಿ ತುಳಿದು ಕೂತಿದ್ದ. ಕಣ್ಣು ಗಾಜಿನ ಆಚೆ, ಮನೆಯ ಬಾಗಿಲಲ್ಲಿ ಸಿದ್ಧವಾಗಿದ್ದ ಚಟ್ಟದ ಮೇಲೆ.

"ಅಂವಾ ಬಿಡು ಅಂದಿಲ್ಲಲ್ಲ," ಎಂದ. ಈ ಸಲ ಅನಂತಪ್ಪನಿಗಲ್ಲ, ಅವಳಿಗೇ.

"ನಾ ಅನ್ನಾಕತ್ತೇನಿ. ತಗೀರಿ ಕಾಲ."

ಅವನು ತೆಗೆಯಲಿಲ್ಲ. ಕಾರನ್ನು ಶಪಿಸಿದ ಬಾಯಿ ಅದೇ, ಪಂಕ್ತಿಯನ್ನು ನಗಿಸಿದ ಬಾಯಿ ಅದೇ. ಅದೀಗ ಮಕ್ಕಳ ಬಾಯಿಯ ಹಾಗೆ ಸೊಟ್ಟಗಾಗಿತ್ತು. ಉಜ್ವಲಾಳಿಗೆ ಕನಿಕರ ಬರಲಿಲ್ಲ. ಈ ಅಳುವೂ ತನ್ನ ಪಾಲಿನ ಹೊತ್ತನ್ನೇ ತಿನ್ನುತ್ತಿದೆ ಅನ್ನಿಸಿತು. ಬಾಗಿಲ ಹೊರಗೆ ಮೊಣಕಾಲೂರಿ, ತಲೆ ಒಳಗೆ ತೂರಿಸಿ, ಎರಡೂ ಕೈಯಿಂದ ಅವನ ಕಾಲಿನ ಹರಡು ಹಿಡಿದಳು.

"ನೋಡ್ರಿ," ಎಂದಳು ತಾರವ್ವ ಬಾಗಿಲ ಹೆಂಗಸರಿಗೆ, ದನಿ ತಗ್ಗಿಸಿ. "ಎಷ್ಟ ಮಾತಾಡಿದ್ರೂ ಕಡೀಕ ಭಾವನ ಕಾಲಿಗೆ ಬಿದ್ಲು, ಪಾಪ."

ಉಜ್ವಲಾ ಹಲ್ಲು ಕಚ್ಚಿ ಜಗ್ಗಿದಳು. ಬಿಳಿ ಪೈಜಾಮದ ಅಂಚಿನ ಮೇಲೆ ಅವಳ ಬೆರಳುಗಳು ಕಪ್ಪಾಗಿ ಮೂಡಿದವು. ಕಾಲು ಬಿಟ್ಟುಬಂತು. ಪೆಡಲು ತಾನಾಗಿ ಮೇಲೆದ್ದು ತನ್ನ ಜಾಗದಲ್ಲಿ ನಿಂತಿತು. ಅವಳು ಒಂದು ಅಂಗೈಯಿಂದ ಅದನ್ನು ಒತ್ತಿದಳು. ಕಲ್ಲಿನಂತಿತ್ತು.

"ಗಾಲಿ ಹಾಕೋ ಹಣಮಂತಾ," ಎಂದು ಕೂಗಿದಳು. ಅವಳ ಇನ್ನೊಂದು ಕೈಯಲ್ಲಿ ಭಾವನ ಕಾಲು ಹಾಗೆಯೇ ಇತ್ತು.