ನುಣ್ಣಗಾದ ಏಳು ಅಂಕಿ

ಮೈದುನ ತಪ್ಪು ಒಪ್ಪಿಕೊಂಡಾಗ ಹತ್ತೂಕಾಲು. ಆರ್‌ಟಿಒ ಇನ್‌ಸ್ಪೆಕ್ಟರ್ ಬರುವುದು ಹನ್ನೊಂದಕ್ಕೆ.

"ಅತ್ತಿಗೆ, ನಂಬರ್ ಹೋಯ್ತು."

"ಯಾವ ನಂಬರೋ?"

"ಚಾಸಿಸ್‌ದು. ತುಕ್ಕು ತೆಗೆಯೋಣ ಅಂತ ಗ್ರೈಂಡರ್ ಹಿಡಿದೆ. ಈಗ ಕನ್ನಡಿ ಥರ ಹೊಳೀತಿದೆ."

ಅತ್ತಿಗೆ ಬಸ್ಸಿನಡಿ ನುಸುಳಿದಳು. ಮುಂದಿನ ಬಲ ಚಕ್ರದ ಹಿಂದೆ ಅಂಗೈಯಗಲದ ಉಕ್ಕು ನುಣ್ಣಗಾಗಿತ್ತು. ಐವತ್ತೆರಡು ವರ್ಷದ ಹಿಂದೆ ಕಾರ್ಖಾನೆಯವರು ಒತ್ತಿದ್ದ ಏಳು ಅಂಕಿಗಳ ಸುಳಿವೇ ಇಲ್ಲ.

ಅವಳ ಅಪ್ಪ ಓಡಿಸುತ್ತಿದ್ದ ಸಿಟಿ ಬಸ್ಸು ಅದು. ಗುಜರಿಯಿಂದ ತಂದು ಅತ್ತಿಗೆ ಮೈದುನ ಇಬ್ಬರೂ ಅದನ್ನು ಸರಿಪಡಿಸಲು ಮೂರು ವರ್ಷ ದುಡಿದಿದ್ದರು. ಇಂದು ನಂಬರ್ ದಾಖಲೆಗೆ ತಾಳೆಯಾದರೆ ಮರುನೋಂದಣಿ. ಇಲ್ಲದಿದ್ದರೆ ಬಸ್ಸು ಮತ್ತೆ ಗುಜರಿಗೆ, ತುಂಡಾಗಲು.

"ಬೇಡದ ಕಡೆಯೇ ನಿನ್ನ ಕೈ ಚುರುಕು."

"ಆಮೇಲೆ ಬೈಯಿರಿ. ನನ್ನತ್ರ ಅಂಕಿ ಅಚ್ಚು ಇದೆ. ದಾಖಲೆ ನೋಡ್ಕೊಂಡು ಹೊಡೆದುಬಿಡ್ತೀನಿ. ಅದೇ ನಂಬರ್ ತಾನೇ, ಸುಳ್ಳೇನು ಬಂತು?"

ಅವಳು ಟಾರ್ಚ್ ಹಿಡಿದಳು. ಅವನು ನಾಲ್ಕರ ಅಚ್ಚು ಇಟ್ಟು ಸುತ್ತಿಗೆ ಎತ್ತಿದ.

"ನಿಲ್ಸು. ಸಿಕ್ಕಿಬಿದ್ರೆ ಕದ್ದ ಬಸ್ಸು ಅಂತಾರೆ. ನಮ್ಮಪ್ಪನ ಬಸ್ಸಿಗೆ ಆ ಹೆಸರು ಬೇಡ."

"ನಿಜ ಹೇಳಿದ್ರೆ ಇವತ್ತೇ ಎಳ್ಕೊಂಡು ಹೋಗ್ತಾರೆ!"

"ಹೋಗ್ಲಿ." ಅವಳು ಅವನ ಕೈಯಿಂದ ಅಚ್ಚು ಕಿತ್ತುಕೊಂಡಳು.

ಇನ್‌ಸ್ಪೆಕ್ಟರ್ ಐದು ನಿಮಿಷ ಮೊದಲೇ ಬಂದರು. ಅತ್ತಿಗೆ ನಡೆದದ್ದನ್ನೆಲ್ಲ ಹೇಳಿದ ಮೇಲೆ ಒಂದೇ ಪ್ರಶ್ನೆ ಹಾಕಿದರು: "ಅದರ ಮೇಲೆ ಏನಾದ್ರೂ ಒತ್ತಿದ್ದೀರಾ?"

"ಇಲ್ಲ ಸರ್."

"ಒತ್ತಿದ್ರೆ ಮುಗೀತಿತ್ತು. ಹಳೇ ಅಚ್ಚಿನ ಪೆಟ್ಟು ಕಣ್ಣಿಗೆ ಕಾಣೋದಕ್ಕಿಂತ ಆಳಕ್ಕೆ ಇಳಿದಿರುತ್ತೆ, ಆಸಿಡ್ ಹಚ್ಚಿದ್ರೆ ಮೂಡುತ್ತೆ."

ಜೀಪಿನಿಂದ ಆಸಿಡ್ ಬಾಟಲಿ ತಂದು, ಹತ್ತಿ ಅದ್ದಿ, ಉಕ್ಕಿನ ಮೇಲೆ ಉಜ್ಜತೊಡಗಿದರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮಸುಕಾಗಿ ನಾಲ್ಕು ಮೂಡಿತು. ಅರ್ಧ ಗಂಟೆಯಲ್ಲಿ ಆರು ಅಂಕಿ ಬಂದವು. ಐದನೆಯ ಜಾಗ ಖಾಲಿ. ಅಲ್ಲಿ ಗ್ರೈಂಡರ್ ಹೆಚ್ಚು ಕೊರೆದಿತ್ತು.

"ದಾಖಲೇಲಿ ಎಂಟು ಇದೆ ಸರ್," ಎಂದ ಮೈದುನ.

"ದಾಖಲೆ ನನಗೂ ಓದೋಕೆ ಬರುತ್ತೆ. ಇಲ್ಲಿ ಕಾಣದೆ ನಾನು ಬರೆಯಲ್ಲ."

ಮತ್ತೆ ಉಜ್ಜಿದರು. ಬಲಕ್ಕೆ ಎರಡು ಕಮಾನು ಎದ್ದವು. ಎಡಕ್ಕೆ ಏನೂ ಇಲ್ಲ.

"ಇದು ಮೂರು," ಎಂದರು.

"ಇನ್ನೊಂದ್ಸಲ ನೋಡಿ ಸರ್," ಎಂದಳು ಅತ್ತಿಗೆ.

ಅವರು ಗಡಿಯಾರ ನೋಡಿ ಹೊಸ ಹತ್ತಿ ಅದ್ದಿದರು. ಎಡಗಡೆ ಕೂದಲೆಳೆಯಂಥ ಗೆರೆಯೊಂದು ಮೇಲಿನಿಂದ ಇಳಿಯಿತು. ನಡುವೆ ಸೇರಿತು. ಕೆಳಗೂ ಕೂಡಿತು.

"ಎಂಟು. ಟಾರ್ಚ್ ಅಲುಗಿಸಬೇಡಿ, ಮಾಸೋದ್ರೊಳಗೆ ಫೋಟೊ ಬೇಕು."

ಫೋಟೊ ತೆಗೆದು, ಫಾರಂ ತುಂಬಿ, ಸಹಿ ಹಾಕಿ ಅವರು ಹೊರಟರು. ಮೈದುನ ಇನ್ನೂ ಬಸ್ಸಿನಡಿಯೇ ಮಲಗಿದ್ದ.

"ಏಳಯ್ಯಾ, ಆಯ್ತಲ್ಲ."

"ಐದು ನಿಮಿಷ, ಅತ್ತಿಗೆ. ಆ ಎಂಟು ಮಾಸೋವರೆಗೂ ನೋಡ್ಕೋತೀನಿ."