ಮುಚ್ಚಿ ಹೊಲಿದ ತೋಳು

ಆ ತುರುಬು ಅವಳದೇ, ಗುಂಡಿಯಕ್ಕನದೇ, ಕೂದಲಿಗೆ ಹೊಲಿಗೆ ಸೂಜಿ ಸಿಕ್ಕಿಸಿಕೊಂಡು ಓಟು ಹಾಕಲು ಬರುವ ಹೆಂಗಸು ಇನ್ನ್ಯಾರಿರುತ್ತಾರೆ — ಟೇಲರಮ್ಮ ಚೀಲವನ್ನು ಎದೆಗೆ ಅವುಚಿಕೊಂಡು ಸರದಿಯಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು, ಶಾಲೆಯ ಕಾರಿಡಾರಿನ ತುಂಬ ಸೀಮೆಸುಣ್ಣದ ವಾಸನೆ, ನಡುವೆ ಒಬ್ಬ ಮುದುಕ ಮಾತ್ರ, ಕರೆದರೆ ತಿರುಗುತ್ತಾಳೆ, ಆದರೆ ಮಾತು ಬಿಟ್ಟವಳನ್ನು ಏನಂತ ಕರೆಯುವುದು, ಅವಳ ಮಗಳು ರಸ್ತೆಯಾಚೆಯ ಆಸ್ಪತ್ರೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದಾಳೆ, ಹೆತ್ತವಳಿಗೆ ಅದರ ಸುಳಿವೇ ಇಲ್ಲ, ಇಲ್ಲಿ ತಣ್ಣಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಳೆ. ಬೆಳಿಗ್ಗೆ ಆ ಹುಡುಗಿ ಹಾಸಿಗೆಯಿಂದಲೇ ದಬಾಯಿಸಿದ್ದಳು, ಚಿಕ್ಕಮ್ಮ, ಹೋಗಿ ಓಟು ಹಾಕಿ ಬನ್ನಿ, ನೀವಿಲ್ಲಿ ನಿಂತು ನನಗಿಂತ ಜಾಸ್ತಿ ನರಳ್ತಿದೀರ, ನರ್ಸು ಬೇರೆ ನಕ್ಕುಬಿಟ್ಟಳು. ಒಳ್ಳೆ ಹುಡುಗಿ, ಬಾಯಿ ಮಾತ್ರ ತಾಯಿಯದೇ.

ಇದೇ ಸರದಿಯಲ್ಲಿ ಪ್ರತಿ ಚುನಾವಣೆಗೂ ಇಬ್ಬರೂ ಒಟ್ಟಿಗೇ ನಿಂತವರು, ಇನ್ನೂ ಹುಟ್ಟದ ಮಕ್ಕಳ ಪರ ಮಾತಾಡಿದವರಿಗೇ ಓಟು, ಅದರಲ್ಲಿ ಎರಡು ಮಾತಿಲ್ಲ, ಹೊಟ್ಟೆಯಲ್ಲಿರೋದೂ ದೇವರು ಕೊಟ್ಟ ಜೀವಾನೇ ಅಂತ ಪ್ರಾರ್ಥನಾ ಗುಂಪಿನಲ್ಲಿ ಮೊದಲು ಎದ್ದು ಹೇಳಿದವಳು ಗುಂಡಿಯಕ್ಕನೇ, ಮತ್ತು ದಿಕ್ಕಿಲ್ಲದ ಬಸುರಿಯರಿಗೆ ಕೊಡಲು ಅಂಗಡಿಯಲ್ಲಿ ಒಂದು ಬೀರು ತುಂಬ ಮಕ್ಕಳ ಬಟ್ಟೆ ಇಡೋಣ ಅಂದವಳೂ ಅವಳೇ, ಟೇಲರಮ್ಮನದು ಹೊಲಿಗೆ ಮಿಷನ್ನು, ಅವಳದು ಗುಂಡಿ ಕಾಜ, ಹೊಲಿದದ್ದನ್ನೆಲ್ಲ ಒಳಹೊರಗು ತಿರುಗಿಸಿ ನೋಡದೆ ಮಡಚಿದವಳೇ ಅಲ್ಲ. ಊರ ಮಕ್ಕಳಿಗೆಲ್ಲ ಗುಂಡಿ ಹಾಕಿದವಳು ಮದುವೆಯಿಲ್ಲದೆ ಬಸುರಾದ ತನ್ನ ಮಗಳಿಗೇ ಬಾಗಿಲು ಹಾಕಿದಳು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅಂತ ಟೇಲರಮ್ಮನೂ ಅಂದುಬಿಟ್ಟಿದ್ದಳು, ಮುಖಕ್ಕೇ, ಅಲ್ಲಿಗೆ ಮಾತು ನಿಂತಿತು.

ತಾಯಿ ಹೊರಹಾಕಿದ ಆ ಮಧ್ಯಾಹ್ನ ಹುಡುಗಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು, ಮದುವೆಯಾಗ್ತೀನಿ ಅಂದಿದ್ದವನು ಫೋನೂ ಎತ್ತುತ್ತಿಲ್ಲ, ಚಿಕ್ಕಮ್ಮ ತೆಗೆಸಿಬಿಡ್ತೀನಿ, ನನಗೆ ಯಾರಿದ್ದಾರೆ, ಮತ್ತು ಟೇಲರಮ್ಮನ ಬಾಯಿಂದ ನಾನಿದೀನಿ ಕಣೇ ಅಂತ ಬಂದೇಬಿಟ್ಟಿತು, ಯೋಚನೆ ಆಮೇಲೆ ಬಂತು, ಇರಿಸ್ಕೋ ಅನ್ನೋ ಬಾಯಿದ್ದರೆ ತೊಟ್ಟಿಲು ತೂಗೋ ಕೈನೂ ಇರಬೇಕಲ್ಲ, ಅಟ್ಟದ ಕೋಣೆಯ ಬಟ್ಟೆಗಂಟುಗಳೆಲ್ಲ ಕೆಳಗಿಳಿದವು, ಆ ಕೋಣೆಯಲ್ಲಿ ವಾಂತಿ, ಅಳು, ಆಮೇಲೆ ಒಂದು ದಿನ ಹಾಡು, ಚಿಕ್ಕಮ್ಮ ಕೈ ಇಡಿ ಇಲ್ಲಿ, ಒದೀತಿದೆ — ಒದ್ದಿತ್ತು, ಪುಟ್ಟ ಕತ್ತೆ, ಅಂಗೈಗೇ ಒದ್ದಿತ್ತು, ಆ ದಿನವಿಡೀ ಇವಳು ಯಾರ ಅಳತೆಯನ್ನೂ ಸರಿಯಾಗಿ ತೆಗೆದಿರಲಿಲ್ಲ.

ಫೋನು. ಪೊಲೀಸಿನವನು ಗುರಾಯಿಸಿದ, ಅಮ್ಮ ಫೋನ್ ಆಫ್ ಮಾಡಿ, ಒಂದೇ ನಿಮಿಷ ಅಣ್ಣ, ನರ್ಸಿನ ಧ್ವನಿ, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ, ಬಟ್ಟೆ ತನ್ನಿ. ಹೆಣ್ಣು, ದೇವರೇ, ಹೆಣ್ಣು, ಕಾಲು ನೆಲದ ಮೇಲಿಲ್ಲ, ಕಣ್ಣೊರೆಸಿಕೊಳ್ಳಲು ಚೀಲಕ್ಕೆ ಕೈಹಾಕಿದರೆ ಸಿಕ್ಕಿದ್ದು ಆ ಹಳದಿ ಅಂಗಿ, ತೋಳಿನ ಅಂಚು ಹೊಲಿಯುವಾಗಲೇ ಹುಡುಗಿ ನೋವು ಬಂತು ಅಂತ ಕೂಗಿದ್ದು, ಬೆರಳುದ್ದದ ತೋಳು, ಸೂಜಿ ಎರಡೂ ಪದರ ಹಿಡಿದುಬಿಟ್ಟಿದೆ, ತೋಳಿನ ಬಾಯಿಯೇ ಮುಚ್ಚಿಹೋಗಿದೆ. ಇಷ್ಟು ವರ್ಷದ ಕಸುಬು, ಇದು ಕೆಲಸ. ನಗು ತಡೆಯಲಾಗಲಿಲ್ಲ, ಕಾರಿಡಾರೆಲ್ಲ ಕೇಳುವ ಹಾಗೆ ನಕ್ಕಳು, ತುರುಬು ತಿರುಗಿತು.

ಏನೇ ಇದು, ಅಂದಳು ಗುಂಡಿಯಕ್ಕ, ತೋಳು ಮುಚ್ಚಿ ಹೊಲಿದಿದ್ದೀಯ. ತಿರುಗಿಸಿ ನೋಡೋರು ಯಾರೂ ಇರ್ಲಿಲ್ವಲ್ಲ. ಯಾರಿಗೆ ಇದು. ನಿನ್ನ ಮೊಮ್ಮಗಳಿಗೆ, ಈಗ ತಾನೇ ಹುಟ್ಟಿದಾಳೆ. ಗುಂಡಿಯಕ್ಕನ ಕೈಲಿ ಬೀಸಣಿಗೆ ನಿಂತಿತು, ಅವಳು ಅಂಗಿಯನ್ನು ಕಸಿದುಕೊಂಡಳು, ತುರುಬಿನಿಂದ ಸೂಜಿ ಕಿತ್ತು ಹೊಲಿಗೆ ಬಿಚ್ಚತೊಡಗಿದಳು, ಒಂದೊಂದೇ ಎಳೆ, ಮುದುಕ ಮುಂದೆ ಹೋದ, ಹಿಂದಿನವರು ಗೊಣಗಿದರು, ಕಣ್ಣೀರು ಅಂಗಿಯ ಮೇಲೇ ಬೀಳುತ್ತಿತ್ತು, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತಾ, ಅವಳು ನನ್ನ ಒಳಗೆ ಬಿಡ್ತಾಳಾ. ಅದನ್ನ ನಾನ್ಹೇಗೆ ಹೇಳ್ಲಿ, ಅವಳನ್ನೇ ಕೇಳು, ಮೊದಲು ಓಟು ಹಾಕು.

ಇಬ್ಬರೂ ಹಾಕಿದರು, ಎಂದಿನವರಿಗೇ, ಬೆರಳಿಗೆ ಶಾಯಿ, ರಸ್ತೆ ದಾಟುವಾಗ ಗುಂಡಿಯಕ್ಕನ ಕೈ ಇವಳ ಸೆರಗು ಹಿಡಿದೇ ಇತ್ತು, ಮೆಟ್ಟಿಲು, ಡೆಟ್ಟಾಲಿನ ವಾಸನೆ, ಬಾಗಿಲಲ್ಲಿ ಅವಳು ನಿಂತುಬಿಟ್ಟಳು, ಒಳಗೆ ಕಾಲಿಡಲಿಲ್ಲ. ತಪ್ಪಾಯ್ತು ಕಣಮ್ಮ, ಅಂದಳು, ಬರ್ಲಾ. ಹುಡುಗಿ ತಾಯಿಯನ್ನು ನೋಡಿದಳು, ಟೇಲರಮ್ಮ ಒಳಗೊಳಗೇ ಬೇಡಿಕೊಂಡಳು, ದೇವರೇ, ಏನಾದರೂ ಹೇಳಿಸು. ಅಮ್ಮ, ಇದಕ್ಕೆ ಅಂಗಿ ಹಾಕೋಕೆ ನನಗೆ ಬರಲ್ಲ, ನೀನೇ ಹಾಕು ಬಾ.

ಕೆಂಪು ಕೆಂಪಾಗಿ ಕಿರುಚುವ ಆ ಪುಟ್ಟ ಕತ್ತೆ, ಹಳದಿ ಅಂಗಿ, ಬಿಚ್ಚಿದ ತೋಳಿನ ತುದಿಯಿಂದ ಒಳಗೆ ಹೋಗುವ ಗುಂಡಿಯಕ್ಕನ ಶಾಯಿ ಹಚ್ಚಿದ ಬೆರಳು, ತಡಕುತ್ತದೆ, ತಡಕುತ್ತದೆ, ಮತ್ತೆ ಹೊರಬರುವಾಗ ಆ ಬೆರಳನ್ನು ಹಿಡಿದುಕೊಂಡೇ ಬಂದ ಮುಷ್ಟಿ, ಬಿಡುವುದೇ ಇಲ್ಲ, ಆ ಮುಷ್ಟಿ —